ಹಿಲ್ಕಾಳ ಸುಕ್ಕೆಲೆ ಗುಲಾಬಿ

ಸೊಂಟದ ಕೀಲು ಬದಲಾಯಿಸಿಕೊಂಡು ಹಿಲ್ಕಾ ಆಸ್ಪತ್ರೆಯಿಂದ ಮನೆಗೆ ಬಂದಾಗ ಅಡುಗೆಮನೆಯ ಕಿಟಕಿಯ ಕೆಳಗೆ ಅವಳ ಗುಲಾಬಿ ಗಿಡ ಇರಲಿಲ್ಲ. ಗಿಡ ಇದ್ದ ಜಾಗದಲ್ಲಿ ಬಾಚಿ ಸಮ ಮಾಡಿದ ಕರಿಮಣ್ಣಿತ್ತು. ಹೊಸದಾಗಿ ಮುಚ್ಚಿದ ಗೋರಿ ಕೂಡ ಅಷ್ಟು ಚೊಕ್ಕವಾಗಿರುವುದಿಲ್ಲ.

ಟ್ಯಾಕ್ಸಿಯವನು ಚೀಲ ಇಳಿಸುತ್ತಿದ್ದ. ಹಿಲ್ಕಾ ಎರಡು ಊರುಗೋಲುಗಳ ಮೇಲೆ ಭಾರ ಬಿಟ್ಟು ಆ ಮಣ್ಣನ್ನೇ ನೋಡುತ್ತ ನಿಂತಳು. ನೋವಿನ ಮಾತ್ರೆಯ ಮಂಕು ಇನ್ನೂ ಇಳಿದಿಲ್ಲವೇನೋ, ತಾನೇ ತಪ್ಪು ಜಾಗ ನೋಡುತ್ತಿದ್ದೇನೇನೋ ಅಂದುಕೊಂಡಳು. ಅಷ್ಟರಲ್ಲಿ ಮನೆಯ ಹಿಂದಿನಿಂದ ಹಳ್ಳಿಯ ಜನ ಒಬ್ಬೊಬ್ಬರಾಗಿ ಮುಂದೆ ಬಂದರು. ಎಲ್ಲರ ಕೈಗೂ ಮಣ್ಣು ಮೆತ್ತಿದ ಕೈಗವಸು, ಎಲ್ಲರ ಮುಖದಲ್ಲೂ ನಗು. ಗ್ರಾಮ ಸಂಘದ ಅಧ್ಯಕ್ಷೆ ಮಾರ್ಕೆತ್ತಾ ಎಲ್ಲರಿಗಿಂತ ಮುಂದಿದ್ದಳು.

“ಬಂದ್ಯಾ ಹಿಲ್ಕಾ! ನೀನು ಮಲಗಿದ್ದೀಯ ಅಂತ ನಾವೇನು ಸುಮ್ನೆ ಕೂತಿಲ್ಲಮ್ಮ. ನಿನ್ನ ಅಂಗಳಕ್ಕೆ ತಾಲ್ಕೋ ಮಾಡಿದ್ವಿ.”

ತಾಲ್ಕೋ ಅಂದರೆ ಮುಯ್ಯಾಳಿನ ಕೆಲಸ. ಊರವರೆಲ್ಲ ಸೇರಿ ಒಬ್ಬರ ಮನೆಯ ಕೆಲಸ ಮಾಡಿಕೊಡುವುದು. ಕೂಲಿ ಕೇಳುವಂತಿಲ್ಲ, ಕೊಡುವಂತಿಲ್ಲ. ಮನೆಯವರು ಕಾಫಿ ಕಾಯಿಸಬೇಕು, ಏಲಕ್ಕಿ ಬನ್ನು ಇಡಬೇಕು, ಬಾಯಿ ತುಂಬ ಥ್ಯಾಂಕ್ಸ್ ಹೇಳಬೇಕು. ತಾಲ್ಕೋಗೆ ಬಂದವರು ಬೇಲಿ ಸೊಟ್ಟಗೆ ಕಟ್ಟಿದರೂ ಅದು ನೆಟ್ಟಗಿದೆ ಅನ್ನಬೇಕು. ಆ ಜನರ ಮೇಲೆ ದನಿ ಏರಿಸಿದವರು ಸವೊ ಸೀಮೆಯಲ್ಲಿ ಇವತ್ತಿನವರೆಗೆ ಯಾರೂ ಇಲ್ಲ.

“ಗುಲಾಬಿ ಎಲ್ಲಿ?” ಅಂದಳು ಹಿಲ್ಕಾ.

“ಅದೇ ಮತ್ತೆ ದೊಡ್ಡ ಕೆಲ್ಸ!” ಅಂದಳು ಮಾರ್ಕೆತ್ತಾ. “ಸುಕ್ಕೆಲೆ ಗುಲಾಬಿ ಇನ್ಮೇಲೆ ಬೆಳಿಸ್ಬಾರದು ಅಂತ ಕಾನೂನು ಬಂದಿದ್ಯಲ್ಲ? ನಿನ್ನ ಕೈಲಿ ಈ ಸೊಂಟ ಇಟ್ಕೊಂಡು ಅದನ್ನ ಕೀಳಕ್ಕಾಗುತ್ತಾ? ನಿನ್ನ ಪಕ್ಕದ್ಮನೆ ತೌನೋನೇ ಅಗೆದ. ಬೆಳಿಗ್ಗೆಯಿಂದ ಎದೆಮಟ್ಟ ಗುಂಡೀಲಿ ನಿಂತು, ಮಣ್ಣು ಜರಡಿ ಹಿಡಿದು ಒಂದೊಂದು ಬೇರನ್ನೂ ಆರಿಸಿದಾನೆ. ಈಗ ಗಾಡೀಲಿ ಹಾಕ್ಕೊಂಡು ಸರೋವರದ ದಡಕ್ಕೆ ಹೋದ. ನಡುಬೇಸಿಗೆ ಯುಹನ್ನುಸ್ ಹಬ್ಬದ ಬೆಂಕಿ ರಾಶಿಗೆ ಹಾಕ್ತೀವಿ, ಚೆನ್ನಾಗಿ ಉರಿಯುತ್ತೆ.”

ಹಿಲ್ಕಾಳಿಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆಯ ತುದಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಅಂಗಳದ ತುಂಬ ಜನ ನಿಂತಿದ್ದರು. ಅವರಲ್ಲಿ ಒಬ್ಬಳು ಹಿಂದಿನ ದಿನವಷ್ಟೇ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡೇ ಬಂದಿದ್ದಳು. ಸೌದೆ ಒಡೆದು ಪೇರಿಸಿದ್ದರು, ಕಿಟಕಿ ತೊಳೆದಿದ್ದರು, ಬನ್ನನ್ನೂ ತಾವೇ ಮಾಡಿ ತಂದಿದ್ದರು. ಹಿಲ್ಕಾ ಒಳಗೆ ಹೋಗಿ ಕಾಫಿ ಪಾತ್ರೆ ಒಲೆಯ ಮೇಲಿಟ್ಟಳು. ಎಲ್ಲರೂ ಕುಡಿದರು. ಎರಡನೇ ಲೋಟವನ್ನೂ ಕುಡಿದರು. ಹೊರಟಾಗ ಹಿಲ್ಕಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿದಳು.

ಬಾಗಿಲು ಹಾಕಿಕೊಂಡ ಮೇಲೆ ಊರುಗೋಲನ್ನು ಎತ್ತಿ ಗೋಡೆಗೆ ಎಸೆದಳು. ಆಮೇಲೆ ಅದನ್ನು ಎತ್ತಿಕೊಳ್ಳಲು ಅರ್ಧ ಗಂಟೆ ಹೆಣಗಿದಳು.

ಅದು ಕಾನೂನು ಹೇಳಿದ ಗಿಡವೇ ಅಲ್ಲ! ಹಿಲ್ಕಾಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಇದಕ್ಕೆ. ನಿಷೇಧ ಇದ್ದದ್ದು ಕಡಲ ದಂಡೆಯ ಮರಳನ್ನೆಲ್ಲ ನುಂಗಿ ಕೂತಿರುವ ಕಾಡು ಜಾತಿಯ ಮೇಲೆ, ಒಂದೇ ಸುತ್ತಿನ, ಐದೇ ಎಸಳಿನ ಹೂವಿನದ್ದರ ಮೇಲೆ. ಸುತ್ತು ಸುತ್ತಾಗಿ ಅರಳುವ ತೋಟದ ತಳಿಗಳನ್ನು ಯಾರೂ ಮುಟ್ಟಬೇಕಿರಲಿಲ್ಲ. ಹಿಂದಿನ ವರ್ಷ ರೇಡಿಯೋದವರು ಅದನ್ನು ಬಿಡಿಸಿ ಬಿಡಿಸಿ ಹೇಳಿದ್ದರು, ಹಿಲ್ಕಾ ಕಿವಿಗೊಟ್ಟು ಕೇಳಿ ನೆಮ್ಮದಿಯ ಉಸಿರು ಬಿಟ್ಟಿದ್ದಳು. ಆದರೆ ಎರಡೂ ಗಿಡಗಳ ಎಲೆ ಒಂದೇ ತರ ಸುಕ್ಕು. ಮುಳ್ಳೂ ಒಂದೇ ತರ. ಹೂವು ಬಿಡದ ಮೇ ತಿಂಗಳಲ್ಲಿ ಬಂದು ಎಲೆ ನೋಡಿ ತೀರ್ಪು ಕೊಟ್ಟರೆ ಇನ್ನೇನಾಗುತ್ತದೆ? ಒಂದು ತಿಂಗಳು ಕಾದಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು? ಕಾನೂನಿಗೆ ಹೆದರುವ ಈ ಜನ ಕಾನೂನನ್ನು ಪೂರ್ತಿ ಕೇಳಿಸಿಕೊಳ್ಳುವ ಸಹನೆಯನ್ನೂ ಇಟ್ಟುಕೊಳ್ಳಬಾರದೆ?

ಆ ಅಂಗಳದಲ್ಲಿ ಬೇರೆ ಗುಲಾಬಿ ಬದುಕುತ್ತಿದ್ದರೆ ಹಿಲ್ಕಾ ಅಷ್ಟು ಕುದಿಯುತ್ತಿರಲಿಲ್ಲವೇನೋ. ತೀರಿಹೋದ ಅವಳ ಗಂಡ ಎನ್ಸಿಯೊ ಲಾರಿ ಓಡಿಸುತ್ತಿದ್ದವನು. ಜರ್ಮನಿಯವರೆಗೂ ಹೋಗುತ್ತಿದ್ದ. ಪ್ರತಿ ವಸಂತದಲ್ಲಿ ಅವಳ ಹುಟ್ಟುಹಬ್ಬಕ್ಕೆ ಅಲ್ಲಿಂದ ಒಂದು ಗುಲಾಬಿ ಗಿಡ ತರುತ್ತಿದ್ದ. ಚೀಲದ ಮೇಲೆ ಅಂಗೈಯಗಲದ ಹೂವಿನ ಚಿತ್ರ, ಕೆಳಗೆ ಯಾವುದೋ ರಾಣಿಯ ಹೆಸರೋ ರಾಜಕುಮಾರಿಯ ಹೆಸರೋ. ಎಲ್ಲವೂ ಕಸಿ ಕಟ್ಟಿದ ಗಿಡಗಳು. ಬೇರು ಒಂದು ಜಾತಿಯದು, ತಲೆ ಇನ್ನೊಂದರದು. ಆ ತಲೆಗೆ ಬೇಕಾದದ್ದು ದಕ್ಷಿಣದ ಸೌಮ್ಯ ಚಳಿ. ಇಲ್ಲಿ ಸಿಕ್ಕಿದ್ದು ಸರೋವರ ಕಲ್ಲಾಗುವ ಚಳಿ, ಕೆಳಗೆ ನೀರು ಹಿಡಿದುಕೊಳ್ಳುವ ಜೇಡಿ ಮಣ್ಣು.

ಹಿಲ್ಕಾ ಏನು ಕಡಿಮೆ ಮಾಡಿದಳು? ಬುಡಕ್ಕೆ ಮಣ್ಣು ಏರಿಸಿದಳು, ಮೇಲೆ ಸ್ಪ್ರೂಸ್ ಮರದ ಕೊಂಬೆ ಹೊದಿಸಿದಳು, ಕುದುರೆ ಗೊಬ್ಬರ ಬೇಡಿ ತಂದಳು. ನಡುಚಳಿಗಾಲದಲ್ಲಿ ಹಿಮದ ಕೆಳಗೆ ಅವು ಹೇಗೋ ಉಸಿರು ಹಿಡಿದುಕೊಂಡಿರುತ್ತಿದ್ದವು. ಕೊಲ್ಲುತ್ತಿದ್ದದ್ದು ಮಾರ್ಚ್. ಹಗಲು ಬಿಸಿಲಿಗೆ ಮೋಸಹೋಗಿ ಕೊಂಬೆಗೆ ರಸ ಏರುತ್ತಿತ್ತು, ಸಂಜೆಯಾದರೆ ಆ ರಸವೇ ಹೆಪ್ಪುಗಟ್ಟಿ ಕೊಂಬೆ ಸೀಳುತ್ತಿತ್ತು. ಹಸಿರಾಗಿದ್ದ ಕಡ್ಡಿ ಒಂದೇ ವಾರದಲ್ಲಿ ಇದ್ದಿಲಿನ ಬಣ್ಣಕ್ಕೆ ತಿರುಗುತ್ತಿತ್ತು. ಉಳಿದದ್ದನ್ನು ಇಲಿ ಕಡಿಯುತ್ತಿತ್ತು. ಇಲಿಯಿಂದಲೂ ಉಳಿದದ್ದರ ಎಲೆಗೆ ಜುಲೈ ತಿಂಗಳಲ್ಲಿ ಕಪ್ಪು ಚುಕ್ಕೆ ರೋಗ. ಪೇಟೆಯ ನರ್ಸರಿಯವನನ್ನು ಕೇಳಿದರೆ, “ಆರೈಕೆ ಸಾಲದು” ಅನ್ನುತ್ತಿದ್ದ. ಆರೈಕೆ ಸಾಲದಂತೆ! ಗಿಡಕ್ಕೆ ಈ ಊರು ಆಗಿಬರುವುದಿಲ್ಲ, ಕೊಳ್ಳಬೇಡ ತಾಯಿ, ಅನ್ನಲು ಆ ಪುಣ್ಯಾತ್ಮನಿಗೆ ಒಂದು ದಿನವೂ ಬಾಯಿ ಬರಲಿಲ್ಲ. ಗಿಡ ಸತ್ತ ಪಾಪವನ್ನು ಹಿಲ್ಕಾಳ ತಲೆಗೆ ಕಟ್ಟಿ, ಇನ್ನೊಂದು ಗಿಡ ಕೈಗಿಡುತ್ತಿದ್ದ.

ಒಂದು ವರ್ಷ ಮಾತ್ರ ಎನ್ಸಿಯೊ ಕುಣಿದಾಡಿದ. “ಹಿಲ್ಕಾ, ಬಾರೇ, ನಿನ್ನ ರಾಣಿ ಬದುಕಿದಾಳೆ!” ಬುಡದಿಂದ ಚಿಗುರು ಎದ್ದಿತ್ತು. ಗಂಡ ಹೆಂಡತಿ ಇಬ್ಬರೂ ಅದಕ್ಕೆ ಮೂರು ಬೇಸಿಗೆ ಉಪಚಾರ ಮಾಡಿದರು. ಕೊನೆಗೆ ಹೂವು ಬಿಟ್ಟಾಗ ನೋಡಿದರೆ ಬೆರಳುಗುರಿನಷ್ಟು ಬಿಳಿ ಕಾಡು ಹೂವು. ರಾಣಿ ಯಾವಾಗಲೋ ಸತ್ತಿದ್ದಳು. ಇವರು ಸಾಕಿದ್ದು ಅವಳನ್ನು ಹೊತ್ತಿದ್ದ ಆಳಿನ ಬೇರನ್ನು. ಎನ್ಸಿಯೊ ಆ ದಿನ ಊಟ ಮಾಡಲಿಲ್ಲ.

ಇವೆಲ್ಲದರ ನಡುವೆ ಯಾರ ಉಪಚಾರವೂ ಇಲ್ಲದೆ ಆಳೆತ್ತರ ಬೆಳೆದು ನಿಂತಿದ್ದದ್ದು ಈ ಸುಕ್ಕೆಲೆಯ ಗಿಡ. ಹಿಲ್ಕಾಳ ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ. ಅವನಿದ್ದ ಸಣ್ಣ ಸ್ಟೇಷನ್ನಿನ ಅಂಗಳದಲ್ಲಿ ಇದರ ಸಾಲೇ ಇತ್ತು. ಹಿಲ್ಕಾ ಹುಟ್ಟಿದ್ದು ಆ ಸಾಲಿನ ಹಿಂದಿನ ಮನೆಯಲ್ಲಿ. ಆಮೇಲೆ ರೈಲು ನಿಲ್ಲುವುದು ನಿಂತಿತು, ಸ್ಟೇಷನ್ ಕೆಡವಿದರು, ಮನೆ ಕೆಡವಿದರು, ಜಾಗಕ್ಕೆ ಜಲ್ಲಿ ಸುರಿದರು. ಕೆಡವುವ ಹಿಂದಿನ ದಿನ ಹಿಲ್ಕಾ ಸೈಕಲ್ಲಿನಲ್ಲಿ ಹೋಗಿ ಒಂದು ಬೇರಿನ ಮರಿಯನ್ನು ಕಾಫಿ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಳು. ಅವಳು ಹುಟ್ಟಿದ ಜಾಗದಿಂದ ಇವತ್ತಿಗೆ ಉಸಿರಾಡುತ್ತಿದ್ದದ್ದು ಅವಳು ಮತ್ತು ಆ ಗಿಡ, ಅಷ್ಟೇ.

ಆ ಗಿಡ ಯಾರ ಬೇರನ್ನೂ ಎರವಲು ಪಡೆದದ್ದಲ್ಲ. ಹಿಮ ಬಿದ್ದು ಕೊಂಬೆ ಮುರಿದರೆ, ಚಳಿಗೆ ನೆಲದವರೆಗೂ ಸುಟ್ಟರೆ, ಬುಡದಿಂದ ಮತ್ತೆ ತಾನೇ ತಾನಾಗಿ ಬರುತ್ತಿತ್ತು. ಯುಹನ್ನುಸ್ ಹೊತ್ತಿಗೆ ಕೆನ್ನೇರಳೆ ಬಣ್ಣದ, ಸುತ್ತು ಸುತ್ತಿನ ಹೂವು. ಅಡುಗೆಮನೆಯ ಕಿಟಕಿ ತೆರೆದರೆ ಕಾಫಿಯ ವಾಸನೆಯನ್ನೂ ಮೀರಿಸುವ ಪರಿಮಳ.

ಇಷ್ಟೆಲ್ಲ ಗೊತ್ತಿದ್ದೂ ಹಿಲ್ಕಾ ಯಾರಿಗೂ ಬಾಯಿ ಬಿಡಲಿಲ್ಲ. ಒಂದು, ತಾಲ್ಕೋ ಜನರಿಗೆ ಥ್ಯಾಂಕ್ಸ್ ಹೇಳಿ ಆಗಿತ್ತು. ಹೇಳಿದ ಮೇಲೆ ಜಗಳ ತೆಗೆದರೆ ಮಾನ ಹೋಗುವುದು ಅವಳದೇ. ಇನ್ನೊಂದು, ಮಾತನ್ನು ಅವಳು ತೌನೊಗೆಂದೇ ಮಸೆದು ಮಸೆದು ಇಟ್ಟುಕೊಂಡಿದ್ದಳು. ಅಗೆದವನು ಅವನು. ಪಕ್ಕದ ಮನೆಯವನು, ನಲವತ್ತು ವರ್ಷದಿಂದ ನೆರೆಯವನು, ಹೆಂಡತಿ ಸತ್ತ ಮೇಲೆ ಭಾನುವಾರದ ಸಾರು ಹಿಲ್ಕಾಳ ಮನೆಯಲ್ಲೇ ಉಣ್ಣುತ್ತಿದ್ದವನು. ಅವನು ಎಂಥ ಮನುಷ್ಯನೆಂದರೆ, ಪೇಟೆಯಲ್ಲಿ ರಸ್ತೆ ಖಾಲಿ ಇದ್ದರೂ ಕೆಂಪು ದೀಪ ಹಸಿರಾಗುವವರೆಗೆ ಮಳೆಯಲ್ಲಿ ನೆನೆಯುತ್ತ ನಿಲ್ಲುವವನು. ನಡೆಯುವಷ್ಟು ಕಾಲು ಬರಲಿ, ಅವನ ಮನೆಗೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ ಅಂದುಕೊಂಡಿದ್ದಳು.

ಅಷ್ಟು ಕೋಪದಲ್ಲೂ ಅವಳಿಗೆ ಒಂದು ಸಮಾಧಾನವಿತ್ತು. ಬಹಳ ವರ್ಷದ ಹಿಂದೆ ತೌನೊನ ಹೆಂಡತಿ ಲೆಂಪಿಗೆ ಹಿಲ್ಕಾ ಇದೇ ಗಿಡದ ಒಂದು ಮರಿ ಕೊಟ್ಟಿದ್ದಳು. ಗಿಡ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಗಿಡ ಹತ್ತುವುದಿಲ್ಲ ಅಂತ ಇಲ್ಲಿಯ ನಂಬಿಕೆ. ಲೆಂಪಿ ಅಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತ ಓಡಿಹೋಗಿದ್ದಳು. ಆ ಮರಿ ಅವರ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಹಿಂದೆ ಪೊದೆಯಾಗಿ ಬೆಳೆದಿತ್ತು. ಲೆಂಪಿಯದು ಇದೆಯಲ್ಲ, ಶರತ್ಕಾಲದಲ್ಲಿ ಅದರಿಂದ ಒಂದು ಮರಿ ಕಿತ್ತುಕೊಂಡರಾಯಿತು, ಅಂತ ಹಿಲ್ಕಾ ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ತೌನೊ ಮಾತ್ರ ಭಾನುವಾರದ ಸಾರಿಗೆ ಬರುವುದನ್ನು ನಿಲ್ಲಿಸಿಬಿಟ್ಟಿದ್ದ. ಬೆಳಿಗ್ಗೆ ಹಾದುಹೋಗುವಾಗ ಕಿಟಕಿಯಾಚೆ ನಿಂತು ಆ ಮಣ್ಣನ್ನು ಒಮ್ಮೆ ಬಗ್ಗಿ ನೋಡಿ, ಟೋಪಿ ಮುಟ್ಟಿ ಹೋಗುತ್ತಿದ್ದ. ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಹೋಗುತ್ತಾನಲ್ಲ, ಯಾಕಿರಬಹುದು ಅಂತ ಹಿಲ್ಕಾ ಒಂದೆರಡು ಸಲ ಯೋಚಿಸಿದ್ದುಂಟು.

ಜೂನ್ ನಡುವಿನಲ್ಲಿ ಆ ಕರಿಮಣ್ಣಿನಲ್ಲಿ ಒಂದು ಕೆಂಪು ಮೂತಿ ಕಾಣಿಸಿತು. ಹಿಲ್ಕಾ ಕಿಟಕಿಗೆ ಹಣೆ ಒತ್ತಿ ನೋಡಿದಳು. ಗುಲಾಬಿಯ ಚಿಗುರೇ. ಅಷ್ಟು ಜರಡಿ ಹಿಡಿದರೂ ಎಲ್ಲೋ ಬೆರಳುದ್ದದ ಬೇರು ಉಳಿದುಕೊಂಡಿತ್ತು! ಅವಳಿಗೆ ಅಳು ಬಂತು. ಯಾರಿಗೂ ಕಾಣದಿರಲಿ ಎಂದು ಅದರ ಮುಂದೆ ಒಂದು ಹಳೇ ಕುಂಡ ಇಟ್ಟಳು, ಇಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಯುಹನ್ನುಸ್ ಬೆಂಕಿ ಹಚ್ಚುವ ದಿನ ಬೆಳಿಗ್ಗೆ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಕುಂಡ ಪಕ್ಕಕ್ಕೆ ಸರಿದಿತ್ತು. ಚಿಗುರಿದ್ದಲ್ಲಿ ಅಂಗೈಯಗಲದ ಗುಂಡಿ. ತೌನೊ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಗೇಟಿನ ಹತ್ತಿರ ಹೋಗುತ್ತಿದ್ದ.

“ಒಂದು ಎದ್ದಿತ್ತು ಕಣೆ, ಕಿತ್ತು ಹಾಕ್ದೆ,” ಅಂತ ಅಲ್ಲಿಂದಲೇ ಕೂಗಿದ. “ಕುಂಡದ ಹಿಂದೆ ಅಡಗಿತ್ತು ಕಳ್ಳನನ್ಮಗಂದು. ಯೋಚ್ನೆ ಮಾಡ್ಬೇಡ, ನಾನು ನೋಡ್ಕೋತಿರ್ತೀನಿ.”

ಹಿಲ್ಕಾ ಟವೆಲ್ಲು ಬಿಸುಟು ಊರುಗೋಲು ಎತ್ತಿಕೊಳ್ಳುವಷ್ಟರಲ್ಲಿ ಅವನು ಹೋಗಿಯೇಬಿಟ್ಟ.

ಮಧ್ಯಾಹ್ನದವರೆಗೂ ಅವಳಿಗೆ ಏನೂ ಸೇರಲಿಲ್ಲ. ಹಳ್ಳಿಯವರೆಲ್ಲ ಬೆಂಕಿ ರಾಶಿ ಪೇರಿಸಲು ಸರೋವರದ ದಡಕ್ಕೆ ಹೋಗಿದ್ದರು, ಅವರ ನಗು ಇಲ್ಲಿಯವರೆಗೂ ಕೇಳುತ್ತಿತ್ತು. ಆ ರಾಶಿಯೊಳಗೆ ಎಲ್ಲೋ ಅವಳ ಗಿಡ ಒಣಗಿ ಬಿದ್ದಿತ್ತು. ಸಂಜೆ ಅದು ಉರಿಯುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ! ಸಾಕು ಅನ್ನಿಸಿತು. ಒಂದು ಊರುಗೋಲನ್ನು ಮನೆಯಲ್ಲೇ ಬಿಟ್ಟು, ಇನ್ನೊಂದನ್ನು ಹಿಡಿದು ಹೊರಟಳು. ಎರಡು ಮನೆಗಳ ನಡುವಿನ ಇಳಿಜಾರನ್ನು ಸೊಂಟ ಬದಲಾಯಿಸಿಕೊಂಡ ಮೇಲೆ ಅವಳು ಇಳಿದದ್ದು ಅದೇ ಮೊದಲು. ಹಲ್ಲು ಕಚ್ಚಿಕೊಂಡು ಇಳಿದಳು.

ತೌನೊ ಸೌನಾದ ಮೆಟ್ಟಿಲ ಮೇಲೆ ಕೂತು, ಹಬ್ಬದ ಸ್ನಾನಕ್ಕೆ ಮೈಗೆ ಬಡಿದುಕೊಳ್ಳಲು ಬರ್ಚ್ ಕೊಂಬೆಗಳ ಕಂತೆ ಕಟ್ಟುತ್ತಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

“ಅಯ್ಯೋ, ನೀನ್ಯಾಕೆ ಬಂದೆ? ಬಿದ್ದುಗಿದ್ದೀಯ. ಬಾ, ಮನೆ ಒಳಗೆ ಕೂತ್ಕೋ, ಕಾಫಿ ಇಡ್ತೀನಿ.”

“ನಿನ್ನ ಕಾಫಿ ನೀನೇ ಕುಡಿ. ನಾನು ಬಂದಿರೋದು ಲೆಂಪಿ ಗುಲಾಬಿ ನೋಡಕ್ಕೆ. ಅದರಿಂದ ಒಂದು ಮರಿ ಬೇಕು ನಂಗೆ. ಕೊಡ್ತೀಯೋ, ನಾನೇ ಅಗೀಲೋ?”

“ಅಲ್ಲಿಗೆ ಹೋಗ್ಬೇಡ,” ಅಂದ ತೌನೊ. ಅವನ ಮುಖ ಬಿಳಿಚಿಕೊಂಡಿತು.

ಹೋಗಬೇಡ ಅಂದರೆ ಹೋಗದೆ ಇರುವ ಹೆಂಗಸಲ್ಲ ಹಿಲ್ಕಾ. ಗೋಡೆ ಹಿಡಿದುಕೊಂಡು ಸೌನಾದ ಹಿಂದಕ್ಕೆ ತಿರುಗಿದಳು. ತಿರುಗಿದವಳು ಹಾಗೇ ನಿಂತುಬಿಟ್ಟಳು. ಅಲ್ಲಿಯೂ ಬಾಚಿ ಸಮ ಮಾಡಿದ ಮಣ್ಣು. ಅವಳ ಮನೆಯದಕ್ಕಿಂತ ಹಳೆಯದು. ಅದರ ಮೇಲೆ ಆಗಲೇ ಹುಲ್ಲು ಎದ್ದಿತ್ತು.

“ಮೊದ್ಲು ನಮ್ದನ್ನೇ ಅಗೆದೆ,” ಅಂದ ತೌನೊ ಬೆನ್ನ ಹಿಂದಿನಿಂದ. “ಕಾನೂನು ಎಲ್ರಿಗೂ ಒಂದೇ ತಾನೇ? ನಮ್ದನ್ನ ಇಟ್ಕೊಂಡು ನಿಂದನ್ನ ಕೀಳಕ್ಕೆ ಬಂದ್ರೆ ಯಾವ ಮುಖ ಇಟ್ಕೊಂಡು ಬರ್ಲಿ?”

ಐದು ವಾರ ಹಿಲ್ಕಾ ನೇತುಬಿದ್ದಿದ್ದದ್ದು ಇದೇ ಒಂದು ಗಿಡಕ್ಕೆ. ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿದಳು. ಗೋಡೆಯ ಮೂಲೆಯಲ್ಲಿ, ಸೌದೆ ರಾಶಿಯ ಹಿಂದೆ, ಸೌನಾಕ್ಕೆ ನೀರು ಹೊರುವ ತಗಡಿನ ಬಕೆಟ್ ಬೋರಲು ಬಿದ್ದಿತ್ತು. ಅದರ ಮೇಲೆ ಕೂರೋಣವೆಂದು ಊರುಗೋಲಿನಿಂದ ಹತ್ತಿರಕ್ಕೆ ಎಳೆದಳು.

“ಅದನ್ನ ಮುಟ್ಬೇಡ!” ತೌನೊ ಚೀರಿದ.

ಬಕೆಟ್ ಉರುಳಿತು. ಅದರ ಕೆಳಗೆ ಗೇಣುದ್ದದ ಒಂದು ಗುಲಾಬಿ ಚಿಗುರು. ಕತ್ತಲಲ್ಲಿದ್ದು ಇದ್ದು ಎಲೆ ಹಳದಿಗೆ ತಿರುಗಿತ್ತು, ಕಾಂಡ ಬಿಸಿಲಿನ ಕಡೆಗೆ ಬಾಗಿ ಬಾಗಿ ಸೊಟ್ಟಗಾಗಿತ್ತು. ಆದರೂ ಜೀವ ಇತ್ತು. ಬುಡದ ಮಣ್ಣು ಒದ್ದೆಯಾಗಿತ್ತು, ಯಾರೋ ಬೆಳಿಗ್ಗೆಯೇ ನೀರು ಹಾಕಿದ್ದರು. ಹಿಲ್ಕಾ ಚಿಗುರನ್ನು ನೋಡಿದಳು, ತೌನೊನನ್ನು ನೋಡಿದಳು. ಆಗ ಅವಳಿಗೆ ಬಂದ ಸಿಟ್ಟು ಅಷ್ಟು ದಿನ ಬಂದ ಸಿಟ್ಟನ್ನೆಲ್ಲ ಸೇರಿಸಿದರೂ ಹೆಚ್ಚೇ.

“ಥೂ ನಿನ್ನ! ಬೆಳಿಗ್ಗೆ ನಂದನ್ನ ಕಿತ್ತು ಬಂದ್ಯಲ್ಲೋ! ಕಳ್ಳನನ್ಮಗಂದು ಅಂದ್ಯಲ್ಲೋ ಅದಕ್ಕೆ! ಕಾನೂನು ಎಲ್ರಿಗೂ ಒಂದೇ ಅಂತ ಈಗ ತಾನೇ ಊದಿದೆ. ನಂದಕ್ಕೆ ಗುದ್ದಲಿ, ನಿಂದಕ್ಕೆ ಬಕೆಟ್ಟಾ? ಯಾರೋ ನೀನು? ಇಷ್ಟು ವರ್ಷ ನಂ ಮನೇಲಿ ಸಾರು ಉಂಡೋನು ನೀನೇನಾ?”

ತೌನೊ ಬರ್ಚ್ ಕಂತೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಹುಡುಕಿ ಹುಡುಕಿ ಮಾತಾಡಿದ.

“ನಿಂದನ್ನ ಕೀಳಕ್ಕೆ ಕೈ ಬಂತು ಹಿಲ್ಕಾ. ಇದನ್ನ ಕೀಳಕ್ಕೆ ಬರ್ಲಿಲ್ಲ. ಮೊದಲ್ನೇ ಸಲ ಅಗೆದಾಗ ಹೇಗೋ ಕಣ್ಣು ಮುಚ್ಕೊಂಡು ಅಗೆದ್ಬಿಟ್ಟೆ. ಮತ್ತೆ ಎದ್ದಿತು. ಗುದ್ದಲಿ ತಗೊಂಡು ಬಂದೆ. ವಾಪಸ್ ಹೋದೆ. ಮತ್ತೆ ಬಂದೆ. ಲೆಂಪಿ ಕೈಯಿಂದ ಉಳಿದಿರೋದು ಇದೊಂದೇ ಕಣೆ. ಅದಕ್ಕೇ ಬಕೆಟ್ ಮುಚ್ಚಿದೆ. ದಾರೀಲಿ ಯಾರೂ ಇಲ್ದಾಗ ಒಂದು ಗಳಿಗೆ ತೆಗೆದು ಬಿಸಿಲು ತೋರಿಸ್ತೀನಿ. ನಿನ್ನ ಮುಖ ನೋಡಕ್ಕೂ ನಾಚ್ಕೆ ಆಗ್ತಿತ್ತು.” ಅವನ ದನಿ ಇನ್ನೂ ಇಳಿಯಿತು. “ಪೊಲೀಸ್ನೋರಿಗೆ ಹೇಳ್ತೀಯಾ?”

ಪೊಲೀಸರಂತೆ! ಹಿಲ್ಕಾಳಿಗೆ ನಗಬೇಕೋ ಊರುಗೋಲಿನಿಂದ ಬಾರಿಸಬೇಕೋ ತಿಳಿಯಲಿಲ್ಲ. ಕೆಂಪು ದೀಪಕ್ಕೆ ನಿಲ್ಲುವ ಈ ಪ್ರಾಣಿ ಹೆಂಡತಿಯ ಗಿಡವನ್ನು ಬಕೆಟ್ಟಿನ ಕೆಳಗೆ ಬಚ್ಚಿಟ್ಟು, ವಾರಗಟ್ಟಲೆ ನಿದ್ದೆಗೆಟ್ಟು, ಹಗಲು ಊರ ಜನರ ಕಣ್ಣು ತಪ್ಪಿಸಿ ಬಿಸಿಲು ಕುಡಿಸಿದ್ದಾನೆ. ಮಾಡದ ಅಪರಾಧಕ್ಕೆ!

“ಇದು ಆ ಗಿಡ ಅಲ್ಲ ತೌನೋ,” ಅಂದಳು.

“ಯಾವ ಗಿಡ?”

“ಕಾನೂನಿನ ಗಿಡ. ಅದು ಬೇರೆ, ಇದು ಬೇರೆ. ನಂದೂ ಅದಲ್ಲ, ಲೆಂಪೀದೂ ಅದಲ್ಲ. ಎರಡೂ ಒಂದೇ ಬುಡದ್ದು.”

“ಎಲೆ ಸುಕ್ಕಾಗಿದ್ಯಲ್ಲ?”

“ನನ್ನ ಮುಖಾನೂ ಸುಕ್ಕಾಗಿದೆ. ನನ್ನನ್ನೂ ಅಗೆದು ಬೆಂಕಿಗೆ ಹಾಕ್ತೀಯಾ? ಒಂದೇ ಸುತ್ತಿನ ಹೂವು ಬಿಡೋದನ್ನ ಬೇಡ ಅಂದಿರೋದು. ಐದು ಎಸಳಿಂದು. ಲೆಂಪೀದು ಎಷ್ಟು ಸುತ್ತಿತ್ತು? ಹೇಳು. ಪ್ರತಿ ಯುಹನ್ನುಸ್‌ಗೂ ಸೌನಾ ಮೆಟ್ಲ ಮೇಲೆ ಲೋಟದಲ್ಲಿ ಇಡ್ತಿದ್ಲಲ್ಲ, ಐದೇ ಎಸಳು ಇದ್ವಾ ಅದಕ್ಕೆ?”

ತೌನೊ ಯೋಚಿಸಿದ.

“ನಾನು ನೋಡ್ಲಿಲ್ಲ,” ಅಂದ. “ಹೂವು ನೋಡೋದು ಅವಳ ಕೆಲ್ಸ. ನಂದು ಬೇಲಿ.”

ಅಷ್ಟು ಹೇಳಿದ ಮೇಲೆ ಅವನಿಗೆ ವಿಷಯ ಹೊಕ್ಕಿತು. ಕೈಯಲ್ಲಿದ್ದ ಕಂತೆ ಬಿಚ್ಚಿ ಕೊಂಬೆಗಳು ಕಾಲ ಮೇಲೆ ಬಿದ್ದವು. ಅಗೆದ ಜಾಗವನ್ನು ನೋಡಿದ. ಇಳಿಜಾರಿನ ಮೇಲೆ ಹಿಲ್ಕಾಳ ಕಿಟಕಿಯನ್ನು ನೋಡಿದ.

“ಹಂಗಾದ್ರೆ ಅವಳದನ್ನ ಸುಮ್ಸುಮ್ನೆ ಅಗೆದೆ,” ಅಂದ. “ಯಾರೂ ಅಗಿ ಅಂದಿರ್ಲಿಲ್ಲ. ನಾನೇ ಅಗೆದೆ. ನಿಂದನ್ನೂ.”

ಈ ಮುಖವನ್ನು ನೋಡಬೇಕೆಂದು ಹಿಲ್ಕಾ ಐದು ವಾರ ಹಂಬಲಿಸಿದ್ದಳು. ಅದು ಹೀಗೇ ಕುಸಿಯಬೇಕು, ಬಾಯಿ ಹೀಗೇ ತೆರೆದುಕೊಂಡಿರಬೇಕು ಅಂತ ಹಾಸಿಗೆಯಲ್ಲಿ ಹೊರಳುತ್ತ ಅಂದುಕೊಂಡಿದ್ದಳು. ಈಗ ನೋಡಿದರೆ ಎಳ್ಳಷ್ಟೂ ಸಂತೋಷವಾಗಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಮಸೆದಿಟ್ಟ ಮಾತುಗಳಲ್ಲಿ ಒಂದನ್ನೂ ಪೂರ್ತಿ ಬಳಸಲು ಬಿಡದ ಹಾಗೆ ಮಾಡಿಬಿಟ್ಟನಲ್ಲ ಈ ಮಂಕುದಿಣ್ಣೆ!

ತೌನೊ ಥಟ್ಟನೆ ತಿರುಗಿ ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡ. “ತಗೊಂಡು ಹೋಗು. ಬೇರು ಸಮೇತ ಎಬ್ಬಿಸಿ ಕೊಡ್ತೀನಿ. ಇದು ನಿಂದೇ. ಲೆಂಪಿಗೆ ಕೊಟ್ಟವಳು ನೀನೇ ಅಲ್ವಾ.”

ಹಿಲ್ಕಾ ಊರುಗೋಲನ್ನು ಅಡ್ಡ ಹಿಡಿದಳು. ಬೇಕು ಅನ್ನಬೇಕೆಂದು ಅವಳ ಇಡೀ ಜೀವ ಕೂಗುತ್ತಿತ್ತು. ಆ ಗೇಣುದ್ದದ ಸೊಟ್ಟ ಕಡ್ಡಿಯಲ್ಲಿ ಅಪ್ಪನ ಸ್ಟೇಷನ್ ಇತ್ತು, ಹಳಿಯ ಪಕ್ಕದ ಮನೆ ಇತ್ತು. ಆದರೆ ಚಿಗುರಿನ ಎಲೆ ಹಳದಿ, ಬೇರು ಎಷ್ಟಿದೆಯೋ ಏನೋ, ಮೇಲೆ ಜೂನ್ ತಿಂಗಳ ಬಿಸಿಲು. ಎಷ್ಟು ಗಿಡ ಕೊಂದ ಕೈ ಅವಳದು! ಯಾವುದು ಬದುಕುತ್ತದೆ, ಯಾವುದು ಸಾಯುತ್ತದೆ ಎಂದು ಆ ಕೈಗೆ ಚೆನ್ನಾಗಿ ಗೊತ್ತಿತ್ತು.

“ಮತ್ತೆ ಗುದ್ದಲಿ ಎತ್ತಿದ್ಯಾ? ಕೆಳಗಿಡೋ ಅದನ್ನ!” ಅಂದಳು. “ಈಗ ಎಬ್ಬಿಸಿದ್ರೆ ನಿಂಗೂ ಇಲ್ಲ, ನಂಗೂ ಇಲ್ಲ. ಅಲ್ಲೇ ಇರ್ಲಿ. ಎಲ್ಲಿ ಎದ್ದಿದ್ಯೋ ಅಲ್ಲಿ ಬದುಕುತ್ತೆ. ಬಕೆಟ್ ಹಾಕ್ಬೇಡ, ಗೊಬ್ಬರ ಸುರೀಬೇಡ, ಹೊದಿಕೆ ಗಿದಿಕೆ ಏನೂ ಬೇಡ. ಮುಟ್ಬೇಡ, ಅಷ್ಟೇ. ಅದು ತಾನಾಗಿ ಮರಿ ಹಾಕಿದ ದಿನ ಒಂದು ನಂಗೆ ತಂದ್ಕೊಡು. ಅಲ್ಲೀವರೆಗೂ ನಿನ್ನ ಮೇಲೆ ಸಿಟ್ಟಿರುತ್ತೆ. ಹೇಳಿಬಿಟ್ಟಿದೀನಿ.”

“ಒಂದೆರಡು ವರ್ಷ ಆಗ್ಬಹುದು.”

“ಆಗ್ಲಿ. ನನ್ನ ಸೊಂಟ ಹೊಸದು.”

ತೌನೊನ ಕಣ್ಣು ತುಂಬಿ ಬಂತು. ಅವನು ಟೋಪಿ ತೆಗೆದ. ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆದ. ಹಿಲ್ಕಾ ಊರುಗೋಲೂರಿ ಥಟ್ಟನೆ ಮುಂದಕ್ಕೆ ಬಂದು ಅವನ ಬಾಯಿಗೆ ತನ್ನ ಅಂಗೈ ಒತ್ತಿಬಿಟ್ಟಳು.

“ಥ್ಯಾಂಕ್ಸ್ ಅಂದ್ಯೋ, ಕೊಂದ್ಬಿಡ್ತೀನಿ. ಅವತ್ತು ಕಾಫಿ ಕೊಟ್ಟು ಊರಿಗೆಲ್ಲ ಥ್ಯಾಂಕ್ಸ್ ಹೇಳಿ ಹೇಳಿ ನನ್ನ ಗಿಡ ನಾನೇ ತಿಂದ್ಕೊಂಡೆ. ಲೆಂಪಿ ಇರೋವರೆಗೂ ಒಂದು ಸಲಾನೂ ಅನ್ಲಿಲ್ಲ, ಅದಕ್ಕೇ ಇದು ಹತ್ತಿದ್ದು. ಹೋಗು, ಆ ಬಕೆಟ್ ತುಂಬಿಸ್ಕೊಂಡು ಬಾ.”

ಅವಳು ಕೈ ತೆಗೆದಳು. ತೌನೊ ತುಟಿ ಬಿಗಿದುಕೊಂಡ, ಅದೂ ಸಾಲದೆಂದು ಅದರ ಮೇಲೆ ತನ್ನ ಕೈಯನ್ನೂ ಇಟ್ಟುಕೊಂಡ, ಲೆಂಪಿ ಇಟ್ಟುಕೊಂಡಿದ್ದ ಹಾಗೆಯೇ. ಇನ್ನೊಂದು ಕೈಯಲ್ಲಿ ಬಕೆಟ್ ಹಿಡಿದು ಸರೋವರದ ಕಡೆಗೆ ನಡೆದ.